ಪಟ್ಟಣದಲ್ಲಿ ಬೈಸಿಕಲ್ಲಿನ ರಕ್ಷಣೆ

ಗೃಹಕೃತ್ಯಕ್ಕೆ ನೆರವಾಗುವ ವಾಹನಗಳಲ್ಲಿ ಬೈಸಿಕಲ್ಲಿನಷ್ಟು ಸಾಧುವಾದುದು ಬೇರೊಂದಿಲ್ಲ. ಆಗಾಗ ನಾಲ್ಕು ತೊಟ್ಟು ಎಣ್ಣೆ, ಚಕ್ರಗಳಿಗೆ ಒಂದಿಷ್ಟು ಗಾಳಿ, ಇವಿಷ್ಟರಿಂದಲೇ ಅದು ತೃಪ್ತವಾಗುವುದು. ಮುಂಜಾನೆ ಪತ್ರಿಕೆ ಹಂಚುವ ಹುಡುಗನಿಗೂ, ದೂರದ ಶಾಲೆಗೆ ಹೋಗುವ ಬಾಲಿಕೆಗೂ ಅದೇ ಆಧಾರ. ಕರ್ಣಾಟಕ ಸರಕಾರವು 2006-07 ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದುದನ್ನು ನೆನೆದರೆ, ಒಂದು ಬೈಸಿಕಲ್ಲಿನಿಂದ ಒಂದು ಸಂಸಾರಕ್ಕೆ ಆಗುವ ಉಪಕಾರವು ತಿಳಿಯುವುದು.

ಆದಕಾರಣ ಬೈಸಿಕಲ್ಲು ಕಳವಾದಾಗ ಹೋಗುವುದು ಅದರ ಬೆಲೆ ಮಾತ್ರವಲ್ಲ. ಇಟಲಿಯ ವಿತ್ತೋರಿಯೊ ದೆ ಸಿಕಾ 1948 ರಲ್ಲಿ ಇದನ್ನೇ ವಸ್ತುವಾಗಿಟ್ಟುಕೊಂಡು ಒಂದು ಚಲಚ್ಚಿತ್ರವನ್ನು ನಿರ್ಮಿಸಿದರು. ಅದರಲ್ಲಿ ರೋಮ್ ನಗರದ ಬಡವನೊಬ್ಬನಿಗೆ ಗೋಡೆಗೆ ಜಾಹೀರಾತು ಅಂಟಿಸುವ ಕೆಲಸ ದೊರೆಯುತ್ತದೆ. ಬೈಸಿಕಲ್ಲಿಲ್ಲದೆ ಆ ಕೆಲಸವಿಲ್ಲ. ಹೆಂಡತಿಯು ಹಾಸಿಗೆಯ ಹೊದಿಕೆಗಳನ್ನು ಒತ್ತೆಯಿಟ್ಟು ಬೈಸಿಕಲ್ಲನ್ನು ಬಿಡಿಸಿಕೊಡುತ್ತಾಳೆ. ಕೆಲಸಕ್ಕೆ ಸೇರಿದ ದಿನವೇ ಅದು ಕಳವಾಗುತ್ತದೆ. ಚಿತ್ರವು ಅನ್ಯದೇಶದ್ದಾದರೂ ಸಂಕಟವು ನಮಗೆ ಅಪರಿಚಿತವಲ್ಲ.

ಇನ್ನು ರಕ್ಷಣೆಯ ಉಪಾಯಗಳನ್ನು ವಿಚಾರಿಸೋಣ. ಹಿಂದಿನ ಚಕ್ರದ ಬಳಿ ಜೋಡಿಸಿರುವ ಬಳೆಯಂತಹ ಬೀಗವು ಚಕ್ರವನ್ನು ತಿರುಗದಂತೆ ತಡೆಯುವುದೇ ಹೊರತು, ಬೈಸಿಕಲ್ಲನ್ನು ಎತ್ತಿಕೊಂಡು ಹೋಗುವುದನ್ನು ತಡೆಯಲಾರದು. ಇಂದಿನ ಗೇರಿನ ಬೈಸಿಕಲ್ಲುಗಳಂತೂ ಹಗುರವಾದುವು. ಒಬ್ಬನೇ ಹೊತ್ತು ನಡೆಯಬಲ್ಲನು. ತೆಳುವಾದ ತಂತಿಯ ಬೀಗವು ಕತ್ತರಿಸುವ ಇಕ್ಕಳಕ್ಕೆ ಕ್ಷಣದಲ್ಲಿ ವಶವಾಗುವುದು. ಗಟ್ಟಿಗೊಳಿಸಿದ ಉಕ್ಕಿನ, ಕುದುರೆಲಾಳದ ಆಕಾರದ ಬೀಗವೇ ಇವೆಲ್ಲಕ್ಕಿಂತ ಉತ್ತಮ.

ಆದರೆ ಬೀಗವು ಉತ್ತಮವಾದರೆ ಸಾಲದು. ಹಾಕುವ ಕ್ರಮವೂ ಉತ್ತಮವಾಗಿರಬೇಕು. ನೆಲದಲ್ಲಿ ಭದ್ರವಾಗಿ ಹೂತಿರುವ ಕಂಬ ಅಥವಾ ಕಂಬಿಗೆ ಬೈಸಿಕಲ್ಲಿನ ಚೌಕಟ್ಟನ್ನೂ ಹಿಂದಿನ ಚಕ್ರವನ್ನೂ ಒಟ್ಟಾಗಿ ಬಿಗಿಯತಕ್ಕದ್ದು. ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ, ಕಳ್ಳನು ಚಕ್ರವನ್ನು ನಿಮಗೇ ಬಿಟ್ಟು ಉಳಿದುದನ್ನು ಒಯ್ಯುವನು. ಬೀಗದ ಒಳಗೆ ಸನ್ನೆಗೋಲು ತೂರಿಸಲು ಎಡೆ ಇರಕೂಡದು. ಬೀಗವು ನೆಲಕ್ಕೆ ತಾಗಿಕೊಂಡಿರಲೂಕೂಡದು. ಏಕೆಂದರೆ ನೆಲವೇ ಅಡಿಗಲ್ಲಾಗಿ ಸುತ್ತಿಗೆಯ ಪೆಟ್ಟಿಗೆ ಅನುಕೂಲವಾಗುವುದು. ಕಂಬವು ಗಿಡ್ಡವಾಗಿದ್ದರೆ ಬೈಸಿಕಲ್ಲನ್ನು ಬೀಗಸಮೇತ ಮೇಲಕ್ಕೆತ್ತಿ ತೆಗೆಯಬಹುದೆಂಬುದನ್ನೂ ಮರೆಯಬಾರದು.

ಬೆಂಗಳೂರಿನಂತಹ ನಗರದಲ್ಲಿ ಹಲವು ಸಂಸಾರಗಳು ಒಂದೇ ಕಟ್ಟಡದಲ್ಲಿ ವಾಸಿಸುವುದುಂಟು. ಅಲ್ಲಿ ಬಾಗಿಲಲ್ಲಿ ಕಾವಲುಗಾರನಿದ್ದಾನೆಂದು ನಂಬಿ ನೆಲಮಾಳಿಗೆಯಲ್ಲಿ ಬೀಗವಿಲ್ಲದೆ ಬಿಡುವುದು ತರವಲ್ಲ. ತಿಂಗಳುಗಟ್ಟಲೆ ಧೂಳು ಹಿಡಿದು ನಿಂತ ಬೈಸಿಕಲ್ಲು, ಒಡೆಯನು ಗಮನಿಸುತ್ತಿಲ್ಲವೆಂಬುದನ್ನು ತಾನೇ ಸಾರುವುದು.

ಮೋಟಾರು ವಾಹನಗಳಿಗಿರುವಂತೆ ಬೈಸಿಕಲ್ಲಿಗೆ ಸರಕಾರದ ನೋಂದಣಿ ಸಂಖ್ಯೆಯಿಲ್ಲ. ಅದರ ಗುರುತೆಂದರೆ ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆ. ಬೈಸಿಕಲ್ಲನ್ನು ತಲೆಕೆಳಗು ಮಾಡಿದರೆ, ಪೆಡಲುಗಳ ಅಚ್ಚು ಹಾದುಹೋಗುವ ಕೊಳವೆಯ ಅಡಿಯಲ್ಲಿ ಅದು ಸಾಮಾನ್ಯವಾಗಿ ಕಾಣುವುದು. ಮನೆಯ ಲೆಕ್ಕದ ಪುಸ್ತಕದಲ್ಲಿ ಈ ಸಂಖ್ಯೆಯನ್ನು ಬರೆದು, ಕೊಂಡ ರಸೀದಿಯನ್ನೂ ಒಂದು ಛಾಯಾಚಿತ್ರವನ್ನೂ ಜೊತೆಗಿಡುವುದು ಗೃಹಿಣಿಯರಿಗೆ ಕಷ್ಟದ ಕೆಲಸವೇನಲ್ಲ.

ಇಷ್ಟಾದರೂ ಕಳವಾದರೆ, ಹಳೆಯ ಬೈಸಿಕಲ್ಲು ತಾನೆ ಎಂದು ಸುಮ್ಮನಿರದೆ ಪೋಲೀಸು ಠಾಣೆಗೆ ದೂರು ಕೊಡಬೇಕು. ದಾಖಲಾದ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಶುಲ್ಕವಿಲ್ಲದೆ ಪಡೆಯುವುದು ದೂರುದಾರನ ಹಕ್ಕು. 2024 ನೆಯ ಜುಲೈ 1 ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303 ನೆಯ ಕಲಮಿನಂತೆ ಸಾಮಾನ್ಯ ಕಳವಿಗೆ 3 ವರ್ಷಗಳವರೆಗೆ ಸೆರೆ ವಿಧಿಸಬಹುದು. ಕದ್ದ ಮಾಲೆಂದು ತಿಳಿದೂ ಅದನ್ನು ಅಪ್ರಾಮಾಣಿಕವಾಗಿ ಪಡೆಯುವವನಿಗೆ 317 ನೆಯ ಕಲಮು ಅಷ್ಟೇ ಶಿಕ್ಷೆಯನ್ನು ಹೇಳುತ್ತದೆ. ಆದುದರಿಂದ ಅಗ್ಗವಾಗಿ ದೊರೆಯುವುದೆಂದು ರಸೀದಿಯಿಲ್ಲದ ಬೈಸಿಕಲ್ಲನ್ನು ಕೊಳ್ಳುವುದು ವಿವೇಕವಲ್ಲ. ಕೊಳ್ಳುವವರಿಲ್ಲದಿದ್ದರೆ ಕದಿಯುವವರಿಗೆ ಲಾಭವೆಲ್ಲಿಯದು?

ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿ ಪ್ರಯೋಜನವಿಲ್ಲವೆಂಬ ಗಾದೆಯು ಎಲ್ಲರಿಗೂ ತಿಳಿದದ್ದೇ. ವಾಚಕರು ಇಂದು ಸಂಜೆಯೇ ಮಕ್ಕಳನ್ನು ಕರೆದು, ತಮ್ಮ ತಮ್ಮ ಬೈಸಿಕಲ್ಲಿನ ಸಂಖ್ಯೆಯನ್ನು ಅವರಿಂದಲೇ ಓದಿಸಿ ಬರೆಯಿಸಲಿ. ತನ್ನ ವಸ್ತುವನ್ನು ತಾನೇ ಕಾಯುವ ಅಭ್ಯಾಸವು ಮಕ್ಕಳಿಗೆ ಆಗಲೇ ಮೊದಲಾಗುವುದು.