ಬಸ್ಕಿಗೆ ತಿಂಗಳ ಫೀಸು

ನಾನು ಸೇರಿರುವ ಜಿಮ್‌ನಲ್ಲಿ ಟ್ರೆಡ್‌ಮಿಲ್ ಇಲ್ಲ. ಪುಣೆಯ ಕೋಥ್‌ರೂಡಿನ ಗಲ್ಲಿಯೊಂದರಲ್ಲಿ ಒಂದು ದೊಡ್ಡ ಹಾಲ್, ರಬ್ಬರ್ ನೆಲ, ಗೋಡೆಯುದ್ದಕ್ಕೂ ಕೆಟಲ್‌ಬೆಲ್, ಒಂದು ಬಿಳಿ ಬೋರ್ಡು. ಬೆಳಿಗ್ಗೆ ಆರೂವರೆಯ ಬ್ಯಾಚಿನ ಹದಿನೆಂಟು ಜನ ಆ ಬೋರ್ಡಿನಲ್ಲಿ ಬರೆದದ್ದನ್ನು ಒಟ್ಟಿಗೆ ಮಾಡಬೇಕು. ಹೆಸರುಗಳೆಲ್ಲ ಇಂಗ್ಲಿಷಿನವು. ಬಿಡಿಸಿ ನೋಡಿದರೆ ಸ್ಕ್ವಾಟ್ ಎಂದರೆ ನಮ್ಮ ಬಸ್ಕಿ, ಪುಷ್‌ಅಪ್ ಎಂದರೆ ದಂಡದ ತಮ್ಮ. ಶಾಲೆಯಲ್ಲಿ ಮಗ್ಗಿ ಬಾರದಿದ್ದರೆ ಪುಕ್ಕಟೆ ಸಿಗುತ್ತಿದ್ದ ಬಸ್ಕಿಗೆ ಈಗ ತಿಂಗಳ ಫೀಸು.

ಸೇರಿದ್ದು ಶೋಕಿಗಲ್ಲ. ನಲವತ್ನಾಲ್ಕನೇ ವಯಸ್ಸಿಗೆ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. ಅಪ್ಪ ಆ ಹೊಸ್ತಿಲು ದಾಟಿದ ಮೇಲೆ ಏನೇನಾಯಿತು ಎಂದು ಕಣ್ಣಾರೆ ಕಂಡವನು ನಾನು. ವಾಕಿಂಗ್ ಒಂದೇ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ ಎಂದರು ವೈದ್ಯರು. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ.

ಗುಂಪಿನಲ್ಲಿ ಕಷ್ಟವಾಗುವುದು ಮೈಗಿಂತ ಮಾನಕ್ಕೆ. ಪಕ್ಕದ ಹುಡುಗಿ 12 ಕಿಲೋ ಎತ್ತುತ್ತಿರುವಾಗ 4 ಕಿಲೋದ್ದನ್ನು ಹುಡುಕಿ ತರುವುದಕ್ಕೆ ತೋಳಿಗಿಂತ ಎದೆ ಗಟ್ಟಿ ಇರಬೇಕು. ಹಾಡು ಜೋರಾಗಿರುತ್ತದೆ. ಟ್ರೇನರ್ "ಅಜೂನ್ ಪಾಚ್!" ಅನ್ನುತ್ತಾರೆ, ಇನ್ನೂ ಐದು. ಎಲ್ಲರ ಜೊತೆ ನಮ್ಮ ಮೊಣಕಾಲೂ ಏಳುತ್ತದೆ. ಒಬ್ಬನೇ ಆಗಿದ್ದರೆ ಎರಡನೇ ದಿನವೇ ಕೈಬಿಡುತ್ತಿದ್ದೆ. ಗುಂಪಿನ ಲಾಭ ಅದು. ಅಪಾಯವೂ ಅದೇ. ಬರ್ಪೀ ಎಂಬುದೊಂದಿದೆ: ಕುಕ್ಕರಗಾಲಲ್ಲಿ ಕೂತು, ಕೈಯೂರಿ, ಕಾಲು ಹಿಂದಕ್ಕೆ ಎಸೆದು, ಮತ್ತೆ ಎಳೆದುಕೊಂಡು ಎದ್ದು ನಿಲ್ಲುವುದು. 1930ರ ದಶಕದಲ್ಲಿ ನ್ಯೂಯಾರ್ಕಿನ ರಾಯಲ್ ಬರ್ಪೀ ಇದನ್ನು ದೇಹದ ಕ್ಷಮತೆ ಅಳೆಯಲೆಂದು ರೂಪಿಸಿದಾಗ ನಾಲ್ಕೇ ನಾಲ್ಕು ಸಲ ಮಾಡಿಸಿ ನಾಡಿ ನೋಡುತ್ತಿದ್ದರು. ನಮ್ಮ ಬೋರ್ಡಿನಲ್ಲಿ ನಲವತ್ತು!

ದಾರಿ ತೋರಿಸಿದವರು ಬ್ಯಾಚಿನ ಕಾಕೂ. ಅರವತ್ತು ದಾಟಿದವರು, ಪರ್ವತಿ ಗುಡ್ಡದ 103 ಮೆಟ್ಟಿಲನ್ನು ವಾರಕ್ಕೆರಡು ಸಲ ಹತ್ತುವವರು. ಬರ್ಪೀ ಬಂದಾಗ ಬೆಂಚಿಗೆ ಕೈಯೂರಿ, ಒಂದೊಂದೇ ಕಾಲು ಹಿಂದಿಟ್ಟು, ಹತ್ತಕ್ಕೆ ನಿಲ್ಲಿಸಿ ನೀರು ಕುಡಿಯುತ್ತಾರೆ. ಆಚೀಚೆ ನೋಡುವುದಿಲ್ಲ. ನಾನು ಏದುಸಿರು ಬಿಡುವುದನ್ನು ಕಂಡು ಒಂದೇ ಮಾತು ಹೇಳಿದರು: "ಸಾವಕಾಶ್." ಧಾರವಾಡದ ಕಿವಿಗೆ ಅನುವಾದ ಬೇಕಾಗಲಿಲ್ಲ. "ಸಾವಕಾಶ ಇಳಿಯೋ ತಮ್ಮಾ" ಅಂತ ಅಟ್ಟದ ಏಣಿ ಕೆಳಗೆ ನಿಂತು ನಮ್ಮಜ್ಜಿ ಕೂಗುತ್ತಿದ್ದ ಶಬ್ದವೇ ಅದು.

ಬೆಂಚು ಹಿಡಿಯುವುದನ್ನು ಕಡಿಮೆ ಎಂದುಕೊಳ್ಳುವವರು ಇದೇ ಊರಿನ ಇನ್ನೊಂದು ಕಥೆ ಕೇಳಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಯೋಗ ಕಲಿತ ಹದಿನೆಂಟರ ಹುಡುಗ 1937ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಕಲಿಸಲು ಬಂದ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಹಾದುಹೋಗಿದ್ದ ಮೈ. ಎದುರಿಗೆ ಅವನಿಗಿಂತ ಗಟ್ಟಿಮುಟ್ಟಾದ ಶಿಷ್ಯರು. ಆರು ತಿಂಗಳಿಗೆಂದು ಬಂದ ಬಿ.ಕೆ.ಎಸ್. ಅಯ್ಯಂಗಾರ್ 2014ರಲ್ಲಿ ತೀರಿಕೊಳ್ಳುವವರೆಗೂ ಪುಣೆಯವರೇ ಆಗಿ ಉಳಿದರು. ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಕುರ್ಚಿ ಇವನ್ನೆಲ್ಲ ಅವರು ಯೋಗಕ್ಕೆ ತಂದದ್ದು ಬಗ್ಗದ ಮೈಗೂ ಆಸನ ಎಟುಕಲಿ ಎಂದು. ಕಾಕೂವಿನ ಬೆಂಚೂ ಅದೇ ಜಾತಿಯದು.

ಮೈನೋವಿನ ವಿಷಯ ಹೇಳಲೇಬೇಕು. ಅದು ವ್ಯಾಯಾಮವಾದ 24ರಿಂದ 72 ಗಂಟೆಗಳೊಳಗೆ ಜೋರಾಗುತ್ತದೆ, ಹತ್ತುವಾಗಿಗಿಂತ ಇಳಿಯುವಾಗ ಹೆಚ್ಚು. ಮೂರನೇ ದಿನ ನಾನು ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದದ್ದಕ್ಕೆ ನಮ್ಮ ಸೊಸೈಟಿಯ ವಾಚ್‌ಮನ್ ಸಾಕ್ಷಿ. ಇಷ್ಟು ಸಹಜ. ಆದರೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅತಿಯಾಗಿ ದಂಡಿಸಿದ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತಿದೆ ಎಂದರ್ಥ.

ನೀವು ಇಂಥ ಕಡೆ ಸೇರುವುದಿದ್ದರೆ ಹಣ ಕಟ್ಟುವ ಮೊದಲು ಒಂದು ಕ್ಲಾಸಿಗೆ ಹೋಗಿ ನೋಡಿ. ಮೊಣಕಾಲು, ಬೆನ್ನು, ಬಿಪಿ ಹೇಗಿದೆ ಎಂದು ಟ್ರೇನರ್ ತಾವಾಗಿ ಕೇಳದಿದ್ದರೆ ಮುಂದಿನ ಗಲ್ಲಿಯ ಜಿಮ್ ನೋಡುವುದು ಒಳ್ಳೆಯದು.

ನನಗೆ ಆರು ವಾರ ತುಂಬಿತು. ಬರ್ಪೀ ಇನ್ನೂ ಬೆಂಚಿನ ಮೇಲೆಯೇ, ಹದಿನಾಲ್ಕಕ್ಕೆ ಬಂದಿದ್ದೇನೆ. ಎಚ್‌ಬಿಎ1ಸಿ ತೋರಿಸುವುದು ಸುಮಾರು ಮೂರು ತಿಂಗಳ ಸರಾಸರಿ, ಹಾಗಾಗಿ ಮುಂದಿನ ಪರೀಕ್ಷೆ ದೀಪಾವಳಿಯ ಹೊತ್ತಿಗೆ.