ಮೆಚ್ಚುವ ಉಮೇದುವಾರನಿಲ್ಲದಾಗ

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭುವೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಚುನಾವಣೆಯು ಸಮೀಪಿಸಿದೊಡನೆ ಈ ಪ್ರಭುವಿನ ಬಾಯಿಂದ ಹೊರಡುವ ಮಾತು ಬೇರೆ: “ನಿಂತವರಲ್ಲಿ ಒಬ್ಬನೂ ಯೋಗ್ಯನಲ್ಲ, ಯಾರಿಗೆ ಹಾಕಿದರೇನು ಫಲ?” ಈ ಬೇಸರವು ನಿರಾಧಾರವೆಂದು ಯಾರೂ ಹೇಳಲಾರರು. ಆದರೆ ಬೇಸರವು ಮನಸ್ಸಿನ ಒಂದು ಸ್ಥಿತಿಯೇ ಹೊರತು ಕರ್ತವ್ಯಕ್ಕೆ ಉತ್ತರವಲ್ಲ. ಅಸಮಾಧಾನಗೊಂಡ ಗೃಹಸ್ಥನ ಮುಂದೆ ನಾಲ್ಕು ದಾರಿಗಳಿವೆ: ಮನೆಯಲ್ಲಿಯೇ ಕುಳಿತಿರುವುದು, ಎಲ್ಲರನ್ನೂ ನಿರಾಕರಿಸಿ ಬರುವುದು, ಇದ್ದವರಲ್ಲಿ ಮೇಲಾದವನನ್ನು ಆರಿಸುವುದು, ತಾನೇ ನಿಲ್ಲುವುದು. ಇವನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ಎಲ್ಲಕ್ಕಿಂತ ಸುಲಭವಾದುದು. ಮನೆಯಲ್ಲಿ ಕುಳಿತವನು, ತಾನು ಯಾರ ಪಾಪದಲ್ಲಿಯೂ ಪಾಲುಗಾರನಲ್ಲವೆಂದು ಭಾವಿಸುವನು. ಮೌನವು ಸಮ್ಮತಿಯ ಲಕ್ಷಣವೆಂಬ ಹಿರಿಯರ ಮಾತನ್ನು ಅವನು ಮರೆತಿರುವನು. ಮತಗಳನ್ನು ಎಣಿಸುವವರು ಬಾರದವನ ಮನೋಗತವನ್ನು ವಿಚಾರಿಸುವುದಿಲ್ಲ. ಅವನ ಧರ್ಮಸಂಕಟವೂ ಪಕ್ಕದ ಮನೆಯವನ ಸೋಮಾರಿತನವೂ ಅಲ್ಲಿ ಒಂದೇ. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದ ವಿಧಾನಸಭಾ ಚುನಾವಣೆಯಲ್ಲಿ ಶ್ರೀ ಆರ್. ಧ್ರುವನಾರಾಯಣರಿಗೆ 40,752 ಮತಗಳೂ, ಶ್ರೀ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಿದ್ದವು. ಒಂದೇ ಒಂದು ಮತದ ಅಂತರ! ಅಂದು ಆ ಕ್ಷೇತ್ರದಲ್ಲಿ ಮನೆಯಲ್ಲಿ ಉಳಿದ ಪ್ರತಿಯೊಬ್ಬನೂ ತನಗರಿಯದೆಯೇ ಫಲಿತಾಂಶವನ್ನು ನಿರ್ಣಯಿಸಿದಂತಾಯಿತು. ಆದುದರಿಂದ ಮತದಾನ ಮಾಡದಿರುವುದು ತಟಸ್ಥತೆಯಲ್ಲ. ಗೆಲ್ಲುವವನು ಯಾರೋ ಅವನಿಗೆ ವಿಚಾರಿಸದೆ ಕೊಟ್ಟ ಒಪ್ಪಿಗೆ.

ಎರಡನೆಯದು ನಿರಾಕರಣೆ. ಹಿಂದೆ ಯಾರಿಗೂ ಮತ ಕೊಡಲೊಲ್ಲದವನು ಮತಗಟ್ಟೆಯ ಅಧಿಕಾರಿಗೆ ಹಾಗೆಂದು ತಿಳಿಸಿ, ಪುಸ್ತಕದಲ್ಲಿ ಬರೆಯಿಸಿ, ರುಜು ಹಾಕಬೇಕಾಗಿತ್ತು. ಪಕ್ಷಗಳ ಏಜೆಂಟರೆಲ್ಲ ನೋಡುತ್ತಿರುವಾಗ ಗುಟ್ಟು ಉಳಿಯುವುದೆಂತು? 2013ನೆಯ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಈ ಲೋಪವನ್ನು ಎತ್ತಿ ಹೇಳಿ, ಯಂತ್ರದಲ್ಲಿಯೇ “ಇವರಲ್ಲಿ ಯಾರೂ ಅಲ್ಲ” ಎಂಬ ಗುಂಡಿಯನ್ನಿಡಲು ಆಜ್ಞಾಪಿಸಿತು. ಜನರು ಇದನ್ನೇ ‘ನೋಟಾ’ ಎನ್ನುವರು. ಮನೆಯಲ್ಲಿ ಕುಳಿತಿರುವುದಕ್ಕಿಂತ ಇದು ನೂರು ಪಾಲು ಮೇಲು. ಏಕೆಂದರೆ ಇಲ್ಲಿ ಅಸಮ್ಮತಿಯು ಲೆಕ್ಕಕ್ಕೆ ಬರುತ್ತದೆ. ಆದರೆ ಇದರ ಶಕ್ತಿ ಎಷ್ಟೆಂಬುದನ್ನೂ ವಾಚಕರು ಅರಿತಿರಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಇಂದೋರಿನ ಮುಖ್ಯ ಪ್ರತಿಸ್ಪರ್ಧಿಯು ನಾಮಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಲು, 2,18,674 ಮಂದಿ ನೋಟಾ ಗುಂಡಿಯನ್ನೊತ್ತಿದರು. ಅದು ಎರಡನೆಯ ಸ್ಥಾನವನ್ನು ಪಡೆಯಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಒಂದು ವೇಳೆ ನೋಟಾಕ್ಕೇ ಅತ್ಯಧಿಕ ಮತಗಳು ಬಂದರೂ, ಲೋಕಸಭೆ ವಿಧಾನಸಭೆಗಳ ಚುನಾವಣೆಯಲ್ಲಿ ಉಮೇದುವಾರರ ಪೈಕಿ ಹೆಚ್ಚು ಮತ ಪಡೆದವನೇ ಗೆದ್ದವನು. ಆದ್ದರಿಂದ ನೋಟಾ ಎಂಬುದು ಪಕ್ಷಗಳಿಗೆ ಬರೆದ ಆಕ್ಷೇಪಣೆಯ ಪತ್ರ. ದುಷ್ಟನನ್ನು ತಡೆಯುವ ಬಾಗಿಲಲ್ಲ.

ಮೂರನೆಯದು ತಾರತಮ್ಯವನ್ನರಿತು ಆರಿಸುವುದು. “ಎಲ್ಲರೂ ಒಂದೇ” ಎಂಬುದು ಪರೀಕ್ಷಿಸದೆ ಆಡುವ ಮಾತು. ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯವನ್ನು ಹೇಳುವರು: ಒಂದು ಅಗುಳನ್ನು ಹಿಚುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು. ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ ಈ ನ್ಯಾಯವು ಅಲ್ಲಿ ಸಲ್ಲುತ್ತದೆ, ಉಮೇದುವಾರರಿಗೆ ಸಲ್ಲದು. ಅವರನ್ನು ಒಬ್ಬೊಬ್ಬರನ್ನಾಗಿಯೇ ನೋಡಬೇಕು. ಇದಕ್ಕೆ ಬೇಕಾದ ಸಾಧನವು ಕೈಯಲ್ಲಿಯೇ ಇದೆ. 2002 ಮತ್ತು 2003ರ ಸುಪ್ರೀಂ ಕೋರ್ಟಿನ ತೀರ್ಪುಗಳ ಫಲವಾಗಿ, ಪ್ರತಿಯೊಬ್ಬ ಉಮೇದುವಾರನೂ ತನ್ನ ಮೇಲಿನ ಮೊಕದ್ದಮೆಗಳು, ಆಸ್ತಿ, ಸಾಲ, ವಿದ್ಯೆ ಇವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ ಹತ್ತನೆಯ ಶತಮಾನದ ಚೋಳ ಶಾಸನವು, ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನೂ ಅವನ ಬಂಧುಗಳ ಹೆಸರನ್ನೂ ಆಯ್ಕೆಗೆ ಸೇರಿಸಕೂಡದೆಂದು ವಿಧಿಸಿದೆ. ಸಾವಿರ ವರ್ಷಗಳ ಹಿಂದಿನವರು ಕೇಳಿದ ಲೆಕ್ಕವನ್ನು ನಾವು ಕೇಳದಿರುವುದು ಸರಿಯೆ?

“ಇಬ್ಬರು ಕೆಟ್ಟವರಲ್ಲಿ ಕಡಮೆ ಕೆಟ್ಟವನಿಗೆ ಕೊಟ್ಟರೂ ಕೆಟ್ಟವನಿಗೇ ಕೊಟ್ಟಂತಲ್ಲವೆ?” ಎಂದು ಕೇಳಬಹುದು. ಸಂಜೆಯ ಸಂತೆಯಲ್ಲಿ ಒಳ್ಳೆಯ ತರಕಾರಿಯೆಲ್ಲ ಮಾರಿಹೋಗಿದ್ದರೆ, ಮನೆಯ ಯಜಮಾನಿತಿಯು ಉಪವಾಸದ ಸಂಕಲ್ಪ ಮಾಡಿ ಬರಿಗೈಯಲ್ಲಿ ಹಿಂದಿರುಗುವಳೆ? ಉಳಿದುದರಲ್ಲಿ ಕೊಳೆತುದನ್ನು ಬಿಟ್ಟು ಅಡಿಗೆಗಾಗುವುದನ್ನು ಆರಿಸಿ ತರುವಳು. ಮಾರನೆಯ ವಾರ ಬೇಗನೆ ಹೊರಡುವಳು.

ಆ ಬೇಗ ಹೊರಡುವಿಕೆಯೇ ನಾಲ್ಕನೆಯ ದಾರಿ: ತಾನೇ ನಿಲ್ಲುವುದು, ಇಲ್ಲವೆ ಯೋಗ್ಯನನ್ನು ನಿಲ್ಲಿಸುವುದು. ಇದು ಸುಲಭವೆಂದು ಹೇಳಿ ಯಾರನ್ನೂ ಮೋಸಗೊಳಿಸಲಾರೆನು. ಪಕ್ಷೇತರನಿಗೆ ಹತ್ತು ಮಂದಿ ಸೂಚಕರು ಬೇಕು. ಠೇವಣಿಯು ವಿಧಾನಸಭೆಗೆ 10,000 ರೂಪಾಯಿ, ಲೋಕಸಭೆಗೆ 25,000 ರೂಪಾಯಿ. ಪರಿಶಿಷ್ಟ ಜಾತಿ ಪಂಗಡದವರಿಗೆ ಇದರ ಅರ್ಧ. ಸೋತವನಿಗೆ ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಆ ಹಣವೂ ಹೋಗುವುದು. ಡಾ. ಶಿವರಾಮ ಕಾರಂತರಂತಹ ಹಿರಿಯರೇ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಆದರೂ ಕೈಗಾ ಅಣುಸ್ಥಾವರದ ಪ್ರಶ್ನೆಯನ್ನು ಮತದಾರರ ಮುಂದಿರಿಸಿದ ಆ ಸ್ಪರ್ಧೆಯು ವ್ಯರ್ಥವಾಯಿತೆಂದು ಹೇಳಲಾಗದು. ಇನ್ನೊಂದು ಕಡೆ, ಧನಬಲವಿಲ್ಲದ ಶಾಂತವೇರಿ ಗೋಪಾಲಗೌಡರನ್ನು 1952ರಲ್ಲಿ ಮಲೆನಾಡಿನ ಮತದಾರರೇ ಗೆಲ್ಲಿಸಿ ಕಳುಹಿಸಿದರು. ಆಳಾಗಬಲ್ಲವನು ಅರಸನಾಗಬಲ್ಲನೆಂಬ ಗಾದೆಯಂತೆ, ಆರಂಭಕ್ಕೆ ಗ್ರಾಮ ಪಂಚಾಯತಿಯೇ ತಕ್ಕ ಸ್ಥಳ. ಕರ್ನಾಟಕದಲ್ಲಿ ಅದರ ಚುನಾವಣೆಯು ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಇಪ್ಪತ್ತೊಂದು ವರ್ಷ ತುಂಬಿದವರು ನಿಲ್ಲಬಹುದು. ಉಮೇದುವಾರನ ಗುಣಾವಗುಣಗಳು ಊರಿಗೆಲ್ಲ ತಿಳಿದಿರುತ್ತವೆ.

ಹೀಗೆ ನೋಡಿದರೆ ಈ ದಾರಿಗಳಿಗೆ ಒಂದು ಕ್ರಮವಿದೆ. ಚುನಾವಣೆಯ ದಿನ ಸ್ವಲ್ಪವಾದರೂ ಭೇದವು ಕಂಡರೆ ಮೇಲಾದವನಿಗೆ ಮತ ಕೊಡತಕ್ಕದ್ದು. ಚೆನ್ನಾಗಿ ಪರೀಕ್ಷಿಸಿದ ಮೇಲೆಯೂ ಭೇದವೇ ಕಾಣದಿದ್ದರೆ ಮಾತ್ರ ನಿರಾಕರಣೆ. ಉಳಿದ ಐದು ವರ್ಷಗಳಲ್ಲಿ ಗ್ರಾಮಸಭೆಗೆ ಹೋಗುವುದು, ಲೆಕ್ಕ ಕೇಳುವುದು, ಯೋಗ್ಯರನ್ನು ಗುರುತಿಸಿ ಮುಂದಕ್ಕೆ ತರುವುದು. ಮನೆಯಲ್ಲಿ ಕುಳಿತಿರುವುದಕ್ಕೆ ಈ ಕ್ರಮದಲ್ಲಿ ಎಡೆಯೇ ಇಲ್ಲ. ಚುನಾವಣೆಯ ಹಿಂದಿನ ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು, ಉಮೇದುವಾರರ ಪ್ರಮಾಣಪತ್ರಗಳನ್ನು ಓದಿ, ಹದಿನೆಂಟು ತುಂಬಿದ ಮಕ್ಕಳ ಮಾತನ್ನೂ ಕೇಳಿ, ಬಳಿಕ ತಂತಮ್ಮ ಮನಸ್ಸಾಕ್ಷಿಯಂತೆ ನಿಶ್ಚಯಿಸುವ ಪದ್ಧತಿಯು ಪ್ರತಿ ಗೃಹದಲ್ಲಿಯೂ ಬೆಳೆಯಲಿ. ಮೆಚ್ಚುವ ಉಮೇದುವಾರರು ಆಕಾಶದಿಂದ ಇಳಿದುಬರುವವರಲ್ಲ. ಇಂತಹ ಮನೆಗಳಿಂದಲೇ ಬರತಕ್ಕವರು.