ಜ್ವರದ ಮಗುವಿಗೆ ಡ್ರಿಪ್ ಏರಿಸುವ ಮುನ್ನ

ಮುಂಬೈಯಿಂದ ಮರಳಿದವರಲ್ಲಿ ಸೋಂಕು ಕಾಣಿಸಿಕೊಂಡು ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳು 2020ರ ಮೇ ತಿಂಗಳಲ್ಲಿ ಕಂಗಾಲಾಗಿದ್ದಾಗ, ಕೊರೊನಾ ಮಕ್ಕಳನ್ನು ಅಷ್ಟಾಗಿ ಕಾಡದು ಎಂಬ ಮಾತೇ ಹೆತ್ತವರಿಗೆ ಸಮಾಧಾನ ತಂದಿತ್ತು. ಮಾತು ಬಹುಪಾಲು ನಿಜ. ಆದರೆ ಬ್ರಿಟನ್ನಿನ ಮಕ್ಕಳ ವೈದ್ಯರು ಏಪ್ರಿಲ್‌ನಲ್ಲೇ ಬೇರೊಂದು ಸಂಗತಿಯನ್ನು ಗಮನಿಸಿದ್ದರು. ಸೋಂಕು ತಗಲಿ ಎರಡರಿಂದ ಆರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಬಿಡದ ಜ್ವರ, ಹೊಟ್ಟೆನೋವು, ವಾಂತಿ, ಕೆಂಗಣ್ಣು, ಮೈಮೇಲೆ ಗಂಧೆ ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ರಕ್ತದೊತ್ತಡ ಕುಸಿಯುತ್ತಿತ್ತು. ಇಲ್ಲಿ ಕೆಡಿಸುವುದು ಹೆಚ್ಚಾಗಿ ವೈರಾಣುವಲ್ಲ. ಅದರ ವಿರುದ್ಧ ಕೆರಳಿದ ರೋಗನಿರೋಧಕ ವ್ಯವಸ್ಥೆ ಸುಮ್ಮನಾಗದೆ ದೇಹದ ಅಂಗಗಳಲ್ಲೇ ಉರಿಯೂತ ಎಬ್ಬಿಸುತ್ತದೆ. ಹೃದಯದ ಸ್ನಾಯು ಸೋಲಬಹುದು, ಹೃದಯಕ್ಕೇ ರಕ್ತ ಉಣಿಸುವ ಕರೋನರಿ ನಾಳಗಳು ಉಬ್ಬಬಹುದು. ಇದನ್ನೇ ವೈದ್ಯರು ಎಂಐಎಸ್‌-ಸಿ ಎನ್ನುತ್ತಾರೆ.

ಇದು ಎಷ್ಟು ವಿರಳ? ಅಮೆರಿಕದ ಒಂದು ಅಂದಾಜಿನಂತೆ ಸುಮಾರು 3,000 ಸೋಂಕಿಗೆ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್-ಜುಲೈನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೇಶದ 6ರಿಂದ 17 ವರ್ಷದ ಮಕ್ಕಳಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ಆರು ಮಂದಿಯ ರಕ್ತದಲ್ಲಿ ಕೊರೊನಾ ಪ್ರತಿಕಾಯ ಸಿಕ್ಕಿತ್ತು. ಕೆ.ಆರ್. ಪೇಟೆಯ ಸಿಂಧಘಟ್ಟದಂಥ ಊರುಗಳೆಲ್ಲ ಸೇರಿ ಒಂದು ತಾಲ್ಲೂಕಿನಲ್ಲಿ 60,000 ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ: ಸೋಂಕು 36,000 ಮಕ್ಕಳಿಗೆ, ಈ ಕಾಯಿಲೆ ಸುಮಾರು ಹನ್ನೆರಡು ಮಕ್ಕಳಿಗೆ. ಕಷ್ಟ ಇರುವುದು ಈ ವಿರಳತೆಯಲ್ಲೇ. ನೂರಾರು ಡೆಂಗಿ, ಟೈಫಾಯಿಡ್ ಜ್ವರಗಳ ನಡುವೆ ಊರಿನ ವೈದ್ಯರಿಗೆ ಇಂಥ ಮಗು ಒಮ್ಮೆ ಎದುರಾದೀತು, ಅದೂ ಹೊಟ್ಟೆನೋವು ಎಂದು ಬಂದಿರುತ್ತದೆ.

ಬಡ ದೇಶಗಳಲ್ಲಿ ಈ ಮಕ್ಕಳನ್ನು ಕಳೆದುಕೊಳ್ಳುವುದು ದುಬಾರಿ ಔಷಧಿಯ ಕೊರತೆಯಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಮೊದಲ ಕೆಲವು ಗಂಟೆಗಳೇ ಮುಖ್ಯವೆನಿಸುತ್ತದೆ. ವಾಂತಿಯಾಗಿ ಸುಸ್ತಾದ ಮಗುವಿಗೆ ‘ಗ್ಲೂಕೋಸ್ ಹಾಕಿಸಿ’ ಎನ್ನುವುದು ನಮ್ಮಲ್ಲಿ ರೂಢಿ. ಭೇದಿಯಿಂದ ನೀರು ಕಳೆದುಕೊಂಡ ಮಗುವಿಗೆ ಅದು ಜೀವ ಕೊಡುತ್ತದೆ. ಆದರೆ ಉರಿಯೂತದಿಂದ ಸೋತ ಹೃದಯಕ್ಕೆ ಆ ನೀರನ್ನು ಮುಂದೆ ತಳ್ಳಲಾಗದೆ ಅದು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಉಗಾಂಡ, ಕೀನ್ಯಾ, ತಾಂಜಾನಿಯಗಳಲ್ಲಿ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3,141 ಮಕ್ಕಳ ಮೇಲೆ ನಡೆದ ಪರೀಕ್ಷೆಯೊಂದು 2011ರಲ್ಲಿ ಪ್ರಕಟವಾಯಿತು. ರಕ್ತನಾಳಕ್ಕೆ ಬೇಗಬೇಗನೆ ದ್ರವ ಹರಿಸಿದ ಮಕ್ಕಳಲ್ಲಿ 48 ಗಂಟೆಯೊಳಗೆ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹಾಗೆ ಹರಿಸದವರಲ್ಲಿ ಏಳು ಚಿಲ್ಲರೆ. ಆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮಲೇರಿಯಾ ಇತ್ತು, ಕೊರೊನಾ ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ ಲೆಕ್ಕವನ್ನು ನೇರವಾಗಿ ಇಲ್ಲಿಗೆ ತರುವಂತಿಲ್ಲ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ ತೀವ್ರ ನಿಗಾ ಘಟಕವಿಲ್ಲದ ಕಡೆ ಡ್ರಿಪ್ ನಿರುಪದ್ರವಿಯಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಉಸಿರಿನ ವೇಗ, ನಾಡಿ, ಅಂಗೈ-ಅಂಗಾಲಿನ ತಂಪು, ಪಕ್ಕೆಲುಬಿನ ಕೆಳಗೆ ಉಬ್ಬಿ ಕೈಗೆ ಸಿಗುವ ಪಿತ್ತಜನಕಾಂಗ: ಇವನ್ನು ನೋಡಲು ಯಂತ್ರ ಬೇಡ. ನೋಡಿ, ಸ್ವಲ್ಪ ಸ್ವಲ್ಪವೇ ದ್ರವ ಕೊಟ್ಟು, ಮತ್ತೆ ನೋಡಬೇಕು.

ಔಷಧಿಯ ವಿಷಯಕ್ಕೆ ಬಂದರೆ, ಶ್ರೀಮಂತ ದೇಶಗಳು ಮೊದಲು ಆರಿಸಿಕೊಂಡದ್ದು ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್. ತೂಕದ ಪ್ರತಿ ಕೆ.ಜಿ.ಗೆ 2 ಗ್ರಾಂ, 20 ಕೆ.ಜಿ. ಮಗುವಿಗೆ 5 ಗ್ರಾಂನ ಎಂಟು ಸೀಸೆ, ಸೀಸೆಯೊಂದಕ್ಕೇ ಸಾವಿರಾರು ರೂಪಾಯಿ. ಆದರೆ 32 ದೇಶಗಳ 614 ಮಕ್ಕಳನ್ನು ಹೋಲಿಸಿದ 2021ರ ಅಧ್ಯಯನದಲ್ಲಿ, ಇದನ್ನು ಪಡೆದವರಿಗೂ ಅಗ್ಗದ ಸ್ಟೀರಾಯ್ಡ್ ಮಾತ್ರ ಪಡೆದವರಿಗೂ ಚೇತರಿಕೆಯಲ್ಲಿ ವ್ಯತ್ಯಾಸದ ಪುರಾವೆ ಸಿಗಲಿಲ್ಲ. ಅದೇ ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯೂ, ಷರತ್ತಿನೊಡನೆ, ಸ್ಟೀರಾಯ್ಡ್ ಸೂಚಿಸಿತು. ಟೈಫಾಯಿಡ್, ಕ್ಷಯ ಇರುವ ಊರಿನಲ್ಲಿ ಊಹೆಯ ಮೇಲೆ ಸ್ಟೀರಾಯ್ಡ್ ಕೊಟ್ಟರೆ ಅನಾಹುತವಲ್ಲವೇ? ಈ ಆಕ್ಷೇಪ ಗಟ್ಟಿಯಾದದ್ದು. 2021ರಲ್ಲೇ ಹತ್ತಕ್ಕೆ ಆರು ಮಕ್ಕಳಲ್ಲಿ ಪ್ರತಿಕಾಯ ಸಿಕ್ಕಿರುವಾಗ ಪ್ರತಿಕಾಯ ಪರೀಕ್ಷೆ ಏನನ್ನೂ ಖಚಿತಪಡಿಸದು. ಡೆಂಗಿ ಪರೀಕ್ಷೆ, ಉರಿಯೂತ ಅಳೆಯುವ ಸಿಆರ್‌ಪಿ, ರಕ್ತದ ಕಲ್ಚರ್‌ಗೆ ಮಾದರಿ, ವರದಿ ಬರುವವರೆಗೆ ಆ್ಯಂಟಿಬಯಾಟಿಕ್, ಜೊತೆಗೆ ಹೃದಯದ ಸ್ಕ್ಯಾನ್ ಆದ ಎಕೋ: ಇಷ್ಟು ಬೇಕೇ ಬೇಕು. ಆದ್ದರಿಂದ ಅನುಮಾನ ಹುಟ್ಟಬೇಕಾದದ್ದು ಊರಿನಲ್ಲಿ, ನಿರ್ಧಾರ ಆಗಬೇಕಾದದ್ದು ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ. ಜ್ವರ ಮೂರನೇ ದಿನಕ್ಕೂ ಇಳಿಯದ ಮಗುವಿನ ತಾಯಿಯನ್ನು ‘ಹೋದ ತಿಂಗಳು ಮನೆಯಲ್ಲಿ ಯಾರಿಗಾದರೂ ಕೆಮ್ಮು-ಜ್ವರ ಬಂದಿತ್ತೇನಮ್ಮ?’ ಎಂದು ಆಶಾ ಕಾರ್ಯಕರ್ತೆ ಕೇಳಿದರೂ ಅರ್ಧ ದಾರಿ ಕ್ರಮಿಸಿದಂತೆ.

ಒಮೈಕ್ರಾನ್ ನಂತರ ಎಂಐಎಸ್‌-ಸಿ ತೀರಾ ಇಳಿದಿದೆ, ಈಗ ಈ ಚರ್ಚೆ ಏಕೆ ಎನ್ನಬಹುದು. ಆದರೆ ಸೋಂಕು ಹೋದ ಮೇಲೆ ಹೃದಯವನ್ನು ಹಿಡಿಯುವ ಕಾಯಿಲೆ ಬಡವರ ಮಕ್ಕಳಿಗೆ ಹೊಸದಲ್ಲ. ಗಂಟಲುನೋವು ವಾಸಿಯಾಗಿ ಕೆಲವು ವಾರಕ್ಕೆ ಕೀಲುನೋವಾಗಿ ಬರುವ ರುಮಾಟಿಕ್ ಜ್ವರ ಇಂದಿಗೂ ಹೃದಯದ ಕವಾಟಗಳನ್ನು ಕೆಡಿಸುತ್ತಿದೆ. ಮೂರ್ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು ಅದು ಮರುಕಳಿಸದಂತೆ ತಡೆಯುತ್ತದೆ. ಎಂಐಎಸ್‌-ಸಿಯಲ್ಲಿ ಮೊದಲ ದಿನಗಳನ್ನು ದಾಟಿದ ಬಹುತೇಕ ಮಕ್ಕಳ ಹೃದಯ ಕೆಲವು ವಾರ, ತಿಂಗಳುಗಳಲ್ಲಿ ಮೊದಲಿನಂತಾಗುತ್ತದೆ, ಆದರೆ ಹಾಗಾಗಿದೆ ಎಂದು ತಿಳಿಯಲು ಮತ್ತೆ ಎಕೋ ಆಗಬೇಕು. ಓಡಾಡಿಕೊಂಡಿರುವ ಮಗುವನ್ನು ಕೂಲಿ ಬಿಟ್ಟು, ಬಸ್ ಹಿಡಿದು ಮೈಸೂರಿಗೆ ಯಾವ ತಂದೆ ಕರೆದೊಯ್ದಾನು? ತಿಂಗಳಿಗೊಂದು ದಿನ ಎಕೋ ಯಂತ್ರವೂ ಅದನ್ನು ಓದಬಲ್ಲವರೂ ಕೆ.ಆರ್. ಪೇಟೆಯ ತಾಲ್ಲೂಕು ಆಸ್ಪತ್ರೆಗೇ ಬಂದರೆ, ರುಮಾಟಿಕ್ ಜ್ವರದ ಮಕ್ಕಳೂ ಅದೇ ಸಾಲಿನಲ್ಲಿ ನಿಲ್ಲಬಹುದು.